ಲಸಿಕೆ ಹಾಕುವ ಕೈಗೆ ಸಂಬಳ ಕೊಡುವವರು ಯಾರು?



ಪೋಷಕರು ತಮ್ಮ ತಮ್ಮ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದು ನಮ್ಮ ಸಂಪಾದಕರು ಬೇಸಿಗೆ ರಜೆಯಿಂದಲೂ ಕೇಳುತ್ತಿದ್ದರು. ನಾನು ಮುಂದೂಡುತ್ತಲೇ ಬಂದೆ. ಕಳೆದ ತಿಂಗಳು ಶಾಲೆಯಲ್ಲಿ ಕಾಫಿ ಮೇಜಿನ ಹತ್ತಿರ ನಡೆದ ಒಂದು ಮಾತು ನನ್ನನ್ನು ಬರೆಯುವಂತೆ ಮಾಡಿತು.

ಅಂದು ಬೆಳಿಗ್ಗೆ ನಮ್ಮ ಸರ್ಜರಿಯಲ್ಲಿ ಫ್ಲೂ ಲಸಿಕೆಯ ಕ್ಲಿನಿಕ್ ಇತ್ತು. ಅದನ್ನು ಮುಗಿಸಿ, ಯೂನಿಫಾರಂ ಮೇಲೆ ಸ್ವೆಟರ್ ಹಾಕಿಕೊಂಡು ಮಗಳನ್ನು ತರಗತಿಗೆ ಬಿಡಲು ಓಡಿ ಬಂದಿದ್ದೆ. ಒಬ್ಬ ತಾಯಿ ನನ್ನನ್ನು ನೋಡಿ ನಗುತ್ತಾ, "ನಿಮಗೇನ್ರೀ, ಎನ್‌ಎಚ್‌ಎಸ್ ಕೆಲಸ. ಸರ್ಕಾರಿ ಸಂಬಳ, ಸರ್ಕಾರಿ ರಜೆ. ನಾಲ್ಕು ದಿನ ಸ್ಟ್ರೈಕ್ ಮಾಡಿದ್ರೆ ಸಂಬಳನೂ ಜಾಸ್ತಿ ಆಗತ್ತೆ!" ಅಂದರು. ಅವರ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ನಾನೂ ನಕ್ಕೆ. ಅಷ್ಟರಲ್ಲಿ ತರಗತಿಯ ಗಂಟೆ ಹೊಡೆಯಿತು, ಉತ್ತರ ಹೇಳುವುದು ಉಳಿದುಹೋಯಿತು. ಅವರ ಆ ಮೂರು ಮಾತುಗಳಲ್ಲಿ ಒಂದೂ ನನಗೆ ಅನ್ವಯಿಸುವುದಿಲ್ಲ. ಏಕೆಂದು ಹೇಳುವುದೇ ಈ ಲೇಖನ. ನಾನು ಕೊಡುವ ಅಂಕಿಗಳೆಲ್ಲ ಇಂಗ್ಲೆಂಡಿನವು.

ಸರ್ಜರಿ ಎಂದರೆ ಆಪರೇಷನ್ ಅಲ್ಲ

ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, 2013ರಲ್ಲಿ ಇಲ್ಲಿಗೆ ಬಂದೆ. ಆರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಮಗಳು ಶಾಲೆ ಸೇರುವ ಹೊತ್ತಿಗೆ ರಾತ್ರಿ ಪಾಳಿ, ಹನ್ನೆರಡು ಗಂಟೆಯ ಶಿಫ್ಟು ನಮ್ಮ ಮನೆಗೆ ಹೊಂದಲಿಲ್ಲ. 2019ರಲ್ಲಿ ನಮ್ಮ ಊರಿನ ಜಿಪಿ ಸರ್ಜರಿಯಲ್ಲಿ ನರ್ಸ್ ಆಗಿ ಸೇರಿದೆ. "ಇನ್ನು ಮೇಲೆ ಸರ್ಜರಿಯಲ್ಲಿ ಕೆಲಸ" ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾಗಿ, "ದಿನಾ ಆಪರೇಷನ್ ಮಾಡ್ತೀಯೇನೇ?" ಎಂದು ಕೇಳಿದ್ದರು. ಇಲ್ಲಿ ಸರ್ಜರಿ ಎಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ ಅಷ್ಟೆ ಎಂದು ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು.

ಮಕ್ಕಳೇ, ನಿಮ್ಮಲ್ಲಿ ಇಲ್ಲೇ ಹುಟ್ಟಿದವರೆಲ್ಲರೂ ಎಂಟು ವಾರದ ಕೂಸಾಗಿದ್ದಾಗಲೇ ನನ್ನಂಥ ಒಬ್ಬ ನರ್ಸನ್ನು ಭೇಟಿ ಮಾಡಿರುತ್ತೀರಿ. ನಿಮಗೆ ನೆನಪಿಲ್ಲ, ನಿಮ್ಮ ಅಮ್ಮನಿಗೆ ಚೆನ್ನಾಗಿ ನೆನಪಿರುತ್ತದೆ. ಬಾಯಿಗೆ ಹನಿ, ತೊಡೆಗೆ ಸೂಜಿ, ಆಮೇಲೆ ಜೋರಾಗಿ ಅಳು. ಆಸ್ತಮಾ ಇರುವ ಮಕ್ಕಳಿಗೆ ಇನ್‌ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿಸುವುದು, ಊರಿಗೆ ಹೊರಟವರಿಗೆ ಟೈಫಾಯಿಡ್ ಲಸಿಕೆ ಹಾಕುವುದು, ಗಾಯದ ಪಟ್ಟಿ ಬದಲಿಸುವುದು, ಹೆಣ್ಣುಮಕ್ಕಳ ಗರ್ಭಕಂಠದ ತಪಾಸಣೆ, ಬಿ.ಪಿ., ಸಕ್ಕರೆ ಕಾಯಿಲೆಯವರ ವಾರ್ಷಿಕ ಪರೀಕ್ಷೆ, ಇವೆಲ್ಲ ಬಹುಪಾಲು ನರ್ಸ್ ಕೈಯಲ್ಲೇ ನಡೆಯುತ್ತವೆ. 2020ರ ಡಿಸೆಂಬರ್‌ನಿಂದ ಕೋವಿಡ್ ಲಸಿಕೆಯ ದೊಡ್ಡ ಪಾಲನ್ನೂ ಫ್ಯಾಮಿಲಿ ಡಾಕ್ಟರ ತಂಡಗಳೇ ಹಾಕಿದವು.

ನಮ್ಮವರಿಗೆ ಈ ಕೆಲಸದ ಬೆಲೆ ಇನ್ನೂ ಹೆಚ್ಚು. ದಕ್ಷಿಣ ಏಷ್ಯಾ ಮೂಲದವರಿಗೆ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇಲ್ಲಿನ ಬಿಳಿಯರಿಗಿಂತ ಜಾಸ್ತಿ, ಅದೂ ಕಡಿಮೆ ವಯಸ್ಸಿಗೆ, ಕಡಿಮೆ ತೂಕಕ್ಕೆ. ವರ್ಷಕ್ಕೊಮ್ಮೆ ಪಾದಕ್ಕೆ ತೆಳುವಾದ ನೈಲಾನ್ ಎಳೆ ತಾಗಿಸಿ, "ಇಲ್ಲಿ ಮುಟ್ಟಿದ್ದು ಗೊತ್ತಾಯ್ತಾ?" ಎಂದು ಕೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಪಾದದ ಸ್ಪರ್ಶ ಹೋಗಿರುವುದು ಮೊದಲು ಪತ್ತೆಯಾಗುವುದು ಅಲ್ಲೇ. ತಡವಾದರೆ ವಾಸಿಯಾಗದ ಹುಣ್ಣು, ಕೊನೆಗೆ ಬೆರಳನ್ನೋ ಕಾಲನ್ನೋ ಕತ್ತರಿಸುವವರೆಗೂ ಹೋಗಬಹುದು. ತಟ್ಟೆಯಲ್ಲಿ ಅನ್ನ ಎಷ್ಟು, ಮುದ್ದೆ ಎಷ್ಟು ಎಂದು ಕನ್ನಡದಲ್ಲೇ ಕೇಳುವ ನರ್ಸ್ ಸಿಕ್ಕಿದರೆ ಊರಿಂದ ಬಂದು ನೆಲೆಸಿದ ಅಜ್ಜ ಅಜ್ಜಿಯರ ಮುಖ ಹೇಗೆ ಅರಳುತ್ತದೆಂದು ನಾನು ಕಂಡಿದ್ದೇನೆ.

ಬೋರ್ಡು ಎನ್‌ಎಚ್‌ಎಸ್‌ನದು, ಸಂಬಳ ಸರ್ಜರಿಯದು

ಸರ್ಜರಿಯ ಬಾಗಿಲ ಮೇಲೆ ನೀಲಿ ಎನ್‌ಎಚ್‌ಎಸ್ ಗುರುತು ಇರುತ್ತದೆ. ರೋಗಿಗಳು ಹಣ ಕೊಡಬೇಕಿಲ್ಲ. ಹಾಗಾಗಿ ಒಳಗಿರುವವರೆಲ್ಲ ಎನ್‌ಎಚ್‌ಎಸ್ ನೌಕರರು ಎಂದು ಎಲ್ಲರೂ ತಿಳಿಯುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ.

1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾದಾಗ ಆಸ್ಪತ್ರೆಗಳು ಸರ್ಕಾರದ ಕೈಗೆ ಬಂದವು. ಫ್ಯಾಮಿಲಿ ಡಾಕ್ಟರುಗಳು ಮಾತ್ರ ಸರ್ಕಾರಿ ನೌಕರರಾಗಲು ಒಪ್ಪಲಿಲ್ಲ. ತಮ್ಮ ಕ್ಲಿನಿಕ್ ತಮ್ಮದಾಗಿಯೇ ಇಟ್ಟುಕೊಂಡು, ಎನ್‌ಎಚ್‌ಎಸ್ ಜೊತೆ ಕರಾರು ಮಾಡಿಕೊಂಡರು. ಇಂದಿಗೂ ಹೆಚ್ಚಿನ ಸರ್ಜರಿಗಳು ಹೀಗೆಯೇ ನಡೆಯುತ್ತವೆ. ಒಬ್ಬರೋ ಹಲವರೋ ಡಾಕ್ಟರು ಪಾಲುದಾರರಾಗಿ, ಅಂದರೆ ಪಾರ್ಟ್ನರ್‌ಗಳಾಗಿ ಸರ್ಜರಿ ನಡೆಸುತ್ತಾರೆ. ಎನ್‌ಎಚ್‌ಎಸ್ ಕೊಡುವ ಹಣದಲ್ಲಿ ಬಾಡಿಗೆ, ಕರೆಂಟು, ಕಂಪ್ಯೂಟರು, ರಿಸೆಪ್ಷನಿಸ್ಟ್, ನರ್ಸ್ ಎಲ್ಲರ ಖರ್ಚು ಕಳೆದು ಉಳಿದದ್ದು ಅವರ ಆದಾಯ. ನನ್ನ ನೇಮಕ ಪತ್ರಕ್ಕೆ ಸಹಿ ಹಾಕಿದವರು ಆ ಪಾಲುದಾರರು. ನನಗೆ ಎನ್‌ಎಚ್‌ಎಸ್ ಪಿಂಚಣಿ ಯೋಜನೆ ಸೇರಲು ಅವಕಾಶವಿದೆ, ಅದು ದೊಡ್ಡ ಉಪಕಾರವೇ. ಉಳಿದಂತೆ ಸಂಬಳ, ರಜೆ, ಕಾಯಿಲೆ ಬಿದ್ದಾಗಿನ ಹಣ, ಹೆರಿಗೆ ರಜೆಯ ಹಣ ಎಲ್ಲವೂ ಆಯಾ ಸರ್ಜರಿಯ ಕರಾರಿನಂತೆ.

ಮೊದಲು ಸರ್ಜರಿಗಳಲ್ಲಿ ನರ್ಸ್‌ಗಳೇ ಅಪರೂಪ. 1966ರ ಹೊಸ ಒಪ್ಪಂದದಲ್ಲಿ ಡಾಕ್ಟರುಗಳು ನೇಮಿಸಿಕೊಂಡ ಸಿಬ್ಬಂದಿಯ ಸಂಬಳದಲ್ಲಿ 70 ಶೇಕಡಾ ಹಣವನ್ನು ಸರ್ಕಾರ ಮರಳಿ ಕೊಡಲು ಒಪ್ಪಿತು. ಆಗಿನಿಂದ ನರ್ಸ್‌ಗಳು ಬರತೊಡಗಿದರು. 1990ರ ಒಪ್ಪಂದದ ನಂತರ ಅವರ ಸಂಖ್ಯೆ ಬೇಗ ಏರಿತು.

ಆಮೇಲೆ ಬಂದದ್ದು 2004. ಈ ಇಸವಿಯನ್ನು ನೆನಪಿಡಿ, ಏಕೆಂದರೆ ಮೂರು ಸಂಗತಿಗಳು ಆ ವರ್ಷವೇ ನಡೆದವು.

ಒಂದು, ಆಸ್ಪತ್ರೆಯ ನರ್ಸ್‌ಗಳಿಗೆ ಮತ್ತು ಎನ್‌ಎಚ್‌ಎಸ್‌ನ ಇತರ ನೌಕರರಿಗೆ "ಅಜೆಂಡಾ ಫಾರ್ ಚೇಂಜ್" ಎಂಬ ಒಂದೇ ಸಂಬಳದ ಏಣಿ ಬಂತು. ಕೆಲಸಕ್ಕೆ ತಕ್ಕ ಮೆಟ್ಟಿಲು, ಅದಕ್ಕೆ ಬ್ಯಾಂಡ್ ಎಂದು ಹೆಸರು. ಹೊಸದಾಗಿ ನೋಂದಣಿಯಾದ ನರ್ಸ್ 5ನೆಯ ಬ್ಯಾಂಡಿನಲ್ಲಿ ಶುರು ಮಾಡುತ್ತಾರೆ. 2025-26ರಲ್ಲಿ ಅದು ವರ್ಷಕ್ಕೆ 31,049 ಪೌಂಡಿನಿಂದ ಆರಂಭ. ಯಾರು ಬೇಕಾದರೂ ಪಟ್ಟಿ ತೆರೆದು ನೋಡಬಹುದು.

ಎರಡು, ಸರ್ಜರಿಗಳಲ್ಲಿ ಸಂಬಳಕ್ಕೆ ದುಡಿಯುವ ಡಾಕ್ಟರುಗಳಿಗೆ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್‌ನ ಮಾದರಿ ಕರಾರು ಬಂತು. ಹೊಸ ಒಪ್ಪಂದದ ಸರ್ಜರಿಗಳು ಅದಕ್ಕಿಂತ ಕಡಿಮೆಯ ಷರತ್ತುಗಳನ್ನು ಅವರಿಗೆ ಕೊಡುವಂತಿಲ್ಲ.

ಮೂರು, ಸಿಬ್ಬಂದಿಯ ಸಂಬಳಕ್ಕೆಂದು ಬೇರೆಯಾಗಿ ಬರುತ್ತಿದ್ದ ಹಣ ಸರ್ಜರಿಯ ಒಟ್ಟು ಗಂಟಿಗೆ ಸೇರಿಹೋಯಿತು.

ಅಂದರೆ ಆಸ್ಪತ್ರೆಯ ನರ್ಸ್‌ಗೆ ಏಣಿ ಸಿಕ್ಕಿತು, ಸಂಬಳದ ಡಾಕ್ಟರಿಗೆ ಕಾಲೂರಲು ನೆಲ ಸಿಕ್ಕಿತು. ನಡುವೆ ಇದ್ದ ಸರ್ಜರಿಯ ನರ್ಸ್‌ಗೆ ಎರಡೂ ಸಿಗಲಿಲ್ಲ. ಅವಳಿಗೆ ಉಳಿದದ್ದು ದೇಶದ ಎಲ್ಲ ಕೆಲಸಗಾರರಿಗೂ ಇರುವ ಕಾನೂನಿನ ಕನಿಷ್ಠ, ಅದರ ಮೇಲೆ ಯಜಮಾನರು ಒಪ್ಪಿದಷ್ಟು.

ಮಕ್ಕಳೇ, ನಿಮಗೆ ಹೀಗೆ ಹೇಳಲೇ? ಎರಡು ತರಗತಿಗಳಿವೆ. ಒಂದರಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಹತ್ತು ಪುಟ ಓದಿದರೆ ಒಂದು ನಕ್ಷತ್ರ, ಇಪ್ಪತ್ತು ಓದಿದರೆ ಎರಡು. ಇನ್ನೊಂದರಲ್ಲಿ ಪಟ್ಟಿ ಇಲ್ಲ. ಟೀಚರ್‌ಗೆ ನೆನಪಾದರೆ, ಅವರ ಡಬ್ಬಿಯಲ್ಲಿ ನಕ್ಷತ್ರ ಉಳಿದಿದ್ದರೆ ಕೊಡುತ್ತಾರೆ. ಟೀಚರ್ ಒಳ್ಳೆಯವರೇ ಇರಬಹುದು. ಆದರೂ ನೀವು ಪ್ರತಿ ಸಲ ಎದ್ದು ನಿಂತು "ಮಿಸ್, ನನ್ನ ನಕ್ಷತ್ರ?" ಎಂದು ಕೇಳಬೇಕು. ಕೇಳಲು ನಾಚಿಕೊಳ್ಳುವ ಮಗುವಿಗೆ ಏನೂ ಸಿಗುವುದಿಲ್ಲ.

ನನಗೇ ಕಾಯಿಲೆ ಬಂದಾಗ

ಇದರ ಅರ್ಥ ನನಗೆ ಸರಿಯಾಗಿ ತಿಳಿದದ್ದು 2022ರಲ್ಲಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ನಾಲ್ಕು ವಾರ ಮನೆಯಲ್ಲಿರಬೇಕಾಯಿತು. ತಿಂಗಳ ಕೊನೆಗೆ ಸಂಬಳದ ಚೀಟಿ ನೋಡಿದೆ. ಮೊದಲ ಮೂರು ದಿನಕ್ಕೆ ಏನೂ ಇಲ್ಲ. ಆಮೇಲಿನದಕ್ಕೆ ಕಾನೂನಿನ ಕನಿಷ್ಠ, ಆಗ ವಾರಕ್ಕೆ 99 ಪೌಂಡ್ 35 ಪೆನ್ಸ್. 2025-26ರಲ್ಲಿ ಅದು 118 ಪೌಂಡ್ 75 ಪೆನ್ಸ್ ಆಗಿತ್ತು. ಏನೋ ತಪ್ಪಾಗಿದೆ ಎಂದುಕೊಂಡು ಸೇರುವಾಗ ಸಹಿ ಹಾಕಿದ್ದ ಕರಾರು ತೆಗೆದು ಓದಿದೆ. ತಪ್ಪಾಗಿರಲಿಲ್ಲ. ಮೂರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಅದೇ ಬರೆದಿತ್ತು. ಮಗಳ ಶಾಲೆಯ ಸಮಯಕ್ಕೆ ಹೊಂದುವ ಕೆಲಸ ಸಿಕ್ಕಿತೆಂಬ ಸಂತೋಷದಲ್ಲಿ ನಾನು ಅದನ್ನು ಓದದೆ ಸಹಿ ಹಾಕಿದ್ದೆ.

ಆಸ್ಪತ್ರೆಯಲ್ಲೇ ಉಳಿದಿದ್ದರೆ? ಐದು ವರ್ಷ ಸೇವೆ ಮುಗಿಸಿದ ಎನ್‌ಎಚ್‌ಎಸ್ ನರ್ಸ್‌ಗೆ ಕಾಯಿಲೆಯಾದರೆ ಆರು ತಿಂಗಳು ಪೂರ್ತಿ ಸಂಬಳ, ನಂತರ ಆರು ತಿಂಗಳು ಅರ್ಧ ಸಂಬಳ. ಮೊದಲ ವರ್ಷದಲ್ಲಿದ್ದರೂ ಒಂದು ತಿಂಗಳು ಪೂರ್ತಿ, ಎರಡು ತಿಂಗಳು ಅರ್ಧ. ರಜೆಯೂ ಹಾಗೆಯೇ. ಅಲ್ಲಿ ಸೇರಿದ ದಿನದಿಂದಲೇ ವರ್ಷಕ್ಕೆ 27 ದಿನ, ಜೊತೆಗೆ ಬ್ಯಾಂಕ್ ರಜೆಗಳು. ಹತ್ತು ವರ್ಷವಾದರೆ 33 ದಿನ ಮತ್ತು ಬ್ಯಾಂಕ್ ರಜೆಗಳು. ಕಾನೂನಿನ ಕನಿಷ್ಠವಾದರೆ ವಾರಕ್ಕೆ ಐದು ದಿನ ದುಡಿಯುವವರಿಗೆ ಬ್ಯಾಂಕ್ ರಜೆಯೂ ಸೇರಿ 28 ದಿನ. ಊರಿಗೆ ಹೋಗಿ ಅಮ್ಮನ ಜೊತೆ ಹೆಚ್ಚಿಗೆ ಒಂದು ವಾರ ಇರುವುದೋ ಬೇಡವೋ ಎಂಬುದು ಈ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ.

ಓದಿನ ಮಾತೂ ಇದೆ. ನರ್ಸ್ ನೋಂದಣಿ ಉಳಿಯಬೇಕಾದರೆ ಮೂರು ವರ್ಷಕ್ಕೊಮ್ಮೆ 450 ಗಂಟೆಯ ಕೆಲಸ ಮತ್ತು 35 ಗಂಟೆಯ ಕಲಿಕೆಯನ್ನು ತೋರಿಸಬೇಕು. ಕೆಲವು ಸರ್ಜರಿಗಳು ಕಲಿಕೆಗೆ ಸಂಬಳ ಸಹಿತ ಸಮಯ ಕೊಡುತ್ತವೆ. ಕೊಡದ ಕಡೆ ನರ್ಸ್ ಮಕ್ಕಳನ್ನು ಮಲಗಿಸಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಮೊದಲೆರಡು ವರ್ಷ ನಾನೂ ಹಾಗೇ ಮಾಡಿದೆ.

ಆಪರೇಷನ್ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ನಾನೊಬ್ಬಳೇ ಹೋಗಿ ಕೇಳಲು ಧೈರ್ಯ ಸಾಲಲಿಲ್ಲ. ಆಸ್ಪತ್ರೆಯಲ್ಲಿ ಸಂಬಳದ ಮಾತಾಡಲು ಬೇರೆಯೇ ಕಚೇರಿ ಇದೆ, ಸಂಘದ ಪ್ರತಿನಿಧಿ ಇದ್ದಾರೆ. ಸರ್ಜರಿಯಲ್ಲಿ ಯಜಮಾನರೂ ನಾನೂ ಒಂದೇ ಕೆಟಲ್‌ನ ನೀರಲ್ಲಿ ಟೀ ಮಾಡಿಕೊಳ್ಳುವವರು. ಬೆಳಿಗ್ಗೆ ಸಂಬಳ ಕೇಳಿ, ಮಧ್ಯಾಹ್ನ ಅವರ ಬಾಗಿಲು ತಟ್ಟಿ "ಡಾಕ್ಟರ್, ಈ ಗಾಯ ಒಮ್ಮೆ ನೋಡ್ತೀರಾ?" ಎನ್ನಬೇಕು. ಕೊನೆಗೆ ಇನ್ನೊಬ್ಬ ನರ್ಸ್, ಒಬ್ಬ ಹೆಲ್ತ್‌ಕೇರ್ ಅಸಿಸ್ಟೆಂಟ್ ಮತ್ತು ನಾನು, ಮೂವರೂ ಸೇರಿ ಒಂದು ಪುಟದ ಪತ್ರ ಬರೆದೆವು. ನಾಲ್ಕೇ ಬೇಡಿಕೆ: ಕಾಯಿಲೆಯ ಸಂಬಳ, ವರ್ಷಕ್ಕೊಮ್ಮೆ ಗೊತ್ತಾದ ದಿನ ಸಂಬಳದ ಮಾತುಕತೆ, ಕಲಿಕೆಗೆ ಸಮಯ, ಆಸ್ಪತ್ರೆಯ ಏಣಿಗೆ ಸಮನಾದ ಸಂಬಳ.

ಪಾಲುದಾರರು ಸಿಟ್ಟಾಗಲಿಲ್ಲ. ಎರಡು ತಿಂಗಳು ಬಿಟ್ಟು ಕರೆದು ಕೂರಿಸಿ ಲೆಕ್ಕ ತೋರಿಸಿದರು. ಮುಂದಿನ ಏಪ್ರಿಲ್‌ನಿಂದ ಎಲ್ಲ ಸಿಬ್ಬಂದಿಗೂ ನಾಲ್ಕು ವಾರದ ಪೂರ್ತಿ ಕಾಯಿಲೆ ಸಂಬಳ, ವರ್ಷಕ್ಕೆ ಐದು ದಿನ ಕಲಿಕೆಯ ಸಮಯ, ಮಾರ್ಚ್‌ನಲ್ಲಿ ಸಂಬಳದ ಮಾತುಕತೆ ಎಂದು ಬರೆದು ಕೊಟ್ಟರು. ನಾಲ್ಕನೆಯದಕ್ಕೆ "ಈಗ ಆಗುವುದಿಲ್ಲ" ಎಂದರು. ಇಂದಿಗೂ ಆಗಿಲ್ಲ.

ಸ್ಟ್ರೈಕ್ ನಡೆದಾಗ ನಾವೆಲ್ಲಿದ್ದೆವು?

2022ರ ಡಿಸೆಂಬರ್ 15 ಮತ್ತು 20ರಂದು ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಮುಷ್ಕರ ಕರೆದಾಗ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಚಳಿಯಲ್ಲಿ ಆಸ್ಪತ್ರೆಗಳ ಮುಂದೆ ಫಲಕ ಹಿಡಿದು ನಿಂತವರಲ್ಲಿ ನನ್ನ ಹಳೆಯ ವಾರ್ಡಿನ ಗೆಳತಿಯರಿದ್ದರು. ಸರ್ಜರಿಯ ನರ್ಸ್‌ಗಳು ಆ ಮತದಾನದಲ್ಲೇ ಇರಲಿಲ್ಲ. ನಮ್ಮ ಯಜಮಾನರು ಎನ್‌ಎಚ್‌ಎಸ್ ಅಲ್ಲವಲ್ಲ! ಮುಷ್ಕರದ ದಿನ ನಾನು ಎಂದಿನಂತೆ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು "ನಿಮ್ಮ ಹೋರಾಟಕ್ಕೆ ಜಯವಾಗಲಿ" ಎಂದು ಹಾರೈಸಿದರು. ಏನು ಹೇಳಬೇಕೆಂದು ತಿಳಿಯಲಿಲ್ಲ.

2023ರಲ್ಲಿ ಇಂಗ್ಲೆಂಡಿನ ಎನ್‌ಎಚ್‌ಎಸ್ ನೌಕರರಿಗೆ 5 ಶೇಕಡಾ ಏರಿಕೆಯ ಜೊತೆಗೆ ಒಂದು ಸಲದ ಇಡುಗಂಟು ಸಿಕ್ಕಿತು, ಕನಿಷ್ಠ 1,655 ಪೌಂಡ್. ಆ ಇಡುಗಂಟು ಸರ್ಜರಿ ನರ್ಸ್‌ಗಳಿಗೆ ಬರಲಿಲ್ಲ. ಆ ಬೇಸಿಗೆಯಲ್ಲಿ ಸರ್ಜರಿ ಸಿಬ್ಬಂದಿಗೆ 6 ಶೇಕಡಾ ಏರಿಕೆಗೆಂದು ಸರ್ಕಾರ ಹಣ ಸೇರಿಸಿತು. ಆದರೆ ಅದು ಬಂದದ್ದು ಸರ್ಜರಿಯ ಒಟ್ಟು ಗಂಟಿನ ಮೂಲಕ. ಕೆಲವರ ಕೈಗೆ ಪೂರ್ತಿ ತಲುಪಿತು, ಕೆಲವರಿಗೆ ಅರ್ಧಂಬರ್ಧ, ಕೆಲವರಿಗೆ ತಲುಪಲೇ ಇಲ್ಲ ಎಂದು ನರ್ಸ್‌ಗಳ ಸಂಘ ದೂರಿತು. ಪಕ್ಕದ ಬೀದಿಯ ಎರಡು ಸರ್ಜರಿಗಳಲ್ಲಿ ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಇರುವುದು ಹೀಗೆ.

ಡಾಕ್ಟರುಗಳ ಕಡೆಯ ಲೆಕ್ಕ

ಈ ಲೇಖನ ಬರೆಯಲು ನಾನು ಹಿಂಜರಿದ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಕನ್ನಡ ಶಾಲೆಯ ಗೇಟಿನ ಮುಂದೆ ನಿಲ್ಲುವವರಲ್ಲಿ ನರ್ಸ್‌ಗಳೂ ಇದ್ದಾರೆ, ಸರ್ಜರಿಯ ಪಾಲುದಾರ ಡಾಕ್ಟರುಗಳೂ ಇದ್ದಾರೆ. ರಾಜ್ಯೋತ್ಸವದ ದಿನ ಒಂದೇ ಪಂಕ್ತಿಯಲ್ಲಿ ಕೂತು ಬಿಸಿಬೇಳೆಬಾತ್ ತಿನ್ನುವವರು ನಾವು. ಇಲ್ಲಿ ಯಾರನ್ನೂ ಕಳ್ಳರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ.

ಅವರ ಲೆಕ್ಕವೂ ನಿಜವೇ. ಸರ್ಜರಿಗೆ ಬರುವ ಮುಖ್ಯ ಹಣ ರೋಗಿಗಳ ತಲೆಯೆಣಿಕೆಯ ಮೇಲೆ. ವಯಸ್ಸು, ಕಾಯಿಲೆಗಳ ಹೊರೆ ನೋಡಿ ಸರಿದೂಗಿಸಿದ ಮೇಲೆ 2025-26ರಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 120 ಪೌಂಡ್. ನೀವು ವರ್ಷಕ್ಕೆ ಒಮ್ಮೆ ಬನ್ನಿ, ಇಪ್ಪತ್ತು ಸಲ ಬನ್ನಿ, ಆ ಮೊತ್ತ ಬದಲಾಗುವುದಿಲ್ಲ. 2025ರ ಏಪ್ರಿಲ್‌ನಿಂದ ಯಜಮಾನರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8 ಶೇಕಡಾದಿಂದ 15ಕ್ಕೆ ಏರಿತು. ಅದನ್ನು ಕಟ್ಟಬೇಕಾದ ಸಂಬಳದ ಮಿತಿ 9,100 ಪೌಂಡಿನಿಂದ 5,000ಕ್ಕೆ ಇಳಿಯಿತು. ಸರ್ಜರಿಗಳಿಗೆ ವಿನಾಯಿತಿ ಸಿಗಲಿಲ್ಲ. ಸಿಬ್ಬಂದಿಗೆ ಹೆಚ್ಚು ಕೊಟ್ಟರೆ ಅದು ಡಾಕ್ಟರ ಸ್ವಂತ ಆದಾಯದಿಂದಲೇ ಹೋಗಬೇಕು.

ಹಾಗಾದರೆ ದೋಷ ಎಲ್ಲಿದೆ? ನನ್ನ ಅನಿಸಿಕೆ ಇಷ್ಟು. ನ್ಯಾಯವಾದ ಸಂಬಳ ಯಜಮಾನರ ಒಳ್ಳೆಯತನದ ಮೇಲೆ ನಿಲ್ಲಬಾರದು. 2004ರಲ್ಲಿ ಸಂಬಳದ ಡಾಕ್ಟರುಗಳಿಗಾಗಿ ಒಪ್ಪಂದಕ್ಕೆ ಒಂದು ಷರತ್ತು ಸೇರಿಸಲು ಸಾಧ್ಯವಾಯಿತು. ನರ್ಸ್‌ಗಳಿಗೂ ಅಂಥದೇ ಒಂದು ಷರತ್ತು ಬರಲಿ: "ಎನ್‌ಎಚ್‌ಎಸ್ ಏಣಿಗಿಂತ ಕಡಿಮೆ ಇರಬಾರದು" ಎಂದು. ಜೊತೆಗೆ ಅದಕ್ಕೆ ಬೇಕಾದ ಹಣ ಬೇರೆಯಾಗಿ, ಅದಕ್ಕೆಂದೇ ಬರಲಿ. ಹಣ ಕೊಡದೆ ಷರತ್ತು ಹಾಕಿದರೆ ಸಣ್ಣ ಸರ್ಜರಿಗಳು ಮುಳುಗುತ್ತವೆ. ಷರತ್ತಿಲ್ಲದೆ ಹಣ ಕೊಟ್ಟರೆ ಏನಾಗುತ್ತದೆಂದು 2023ರಲ್ಲಿ ನೋಡಿದೆವು. ಎರಡೂ ಒಟ್ಟಿಗೆ ಬಂದರೆ ಡಾಕ್ಟರಿಗೂ ಒಳ್ಳೆಯದು, ಟೀ ಕೋಣೆಯ ಮುಜುಗರವೂ ತಪ್ಪುತ್ತದೆ.

ಇದರಿಂದ ನಿಮಗೇನು?

ಎರಡು ವರ್ಷದ ಹಿಂದೆ ನಮ್ಮ ಸರ್ಜರಿಯ ಹಿರಿಯ ನರ್ಸ್ ಆಸ್ಪತ್ರೆಯ ಕೆಲಸಕ್ಕೆ ಹೋದರು. ಸಕ್ಕರೆ ಕಾಯಿಲೆಯ ವಿಶೇಷ ತರಬೇತಿ ಪಡೆದವರು, ಹದಿನಾಲ್ಕು ವರ್ಷ ಇಲ್ಲೇ ಇದ್ದವರು. ಹೊರಡುವ ದಿನ ನನ್ನನ್ನು ತಬ್ಬಿಕೊಂಡು, ರೋಗಿಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಆದರೆ ಮನೆ ಸಾಲದ ಕಂತು ಮನಸ್ಸಿನ ಮಾತು ಕೇಳುವುದಿಲ್ಲ ಎಂದರು. ಅವರ ಜಾಗ ತುಂಬಲು ಐದು ತಿಂಗಳು ಹಿಡಿಯಿತು. ಅಷ್ಟು ದಿನ ಸಕ್ಕರೆ ಕ್ಲಿನಿಕ್ ನಿಂತಿತು. ಪಾದ ಪರೀಕ್ಷೆಗಳು ಹಿಂದೆ ಬಿದ್ದವು. ಅವರಿಗೆ ಮಾತ್ರ ತಮ್ಮ ಸಂಕೋಚ ಹೇಳಿಕೊಳ್ಳುತ್ತಿದ್ದ ಕೆಲವು ಹೆಂಗಸರು ಗರ್ಭಕಂಠದ ತಪಾಸಣೆಗೆ ಬರುವುದನ್ನೇ ಮುಂದೂಡಿದರು.

ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ ಎಂದು ನಾವೆಲ್ಲ ಗೊಣಗುತ್ತೇವೆ. ಫೋನಿನ ಆ ಕಡೆ ಖಾಲಿ ಇರುವುದು ಒಮ್ಮೊಮ್ಮೆ ಇಂಥ ಒಂದು ಕುರ್ಚಿ.

ನೀವು ಮಾಡಬಹುದಾದದ್ದು

ಪೋಷಕರೇ, ಬರಲು ಆಗದಿದ್ದರೆ ಅಪಾಯಿಂಟ್‌ಮೆಂಟ್ ರದ್ದು ಮಾಡಿ. ನರ್ಸ್ ಹೆಸರು ಕೇಳಿ ತಿಳಿದುಕೊಳ್ಳಿ. "ನರ್ಸ್ ಬೇಡ, ಡಾಕ್ಟರೇ ನೋಡಬೇಕು" ಎನ್ನುವ ಮೊದಲು ಆ ಕೆಲಸ ಯಾರದೆಂದು ರಿಸೆಪ್ಷನ್‌ನಲ್ಲಿ ವಿಚಾರಿಸಿ. ಇಂಗ್ಲೆಂಡಿನ ಪ್ರತಿ ಸರ್ಜರಿಯಲ್ಲೂ ರೋಗಿಗಳ ಒಂದು ಗುಂಪು ಇರಬೇಕೆಂದು 2015ರಿಂದ ಒಪ್ಪಂದದಲ್ಲೇ ಇದೆ. ಅದನ್ನು ಸೇರಿ, ನಮ್ಮಲ್ಲಿ ಎಷ್ಟು ನರ್ಸ್‌ಗಳಿದ್ದಾರೆ, ಎಷ್ಟು ಜನ ಬಿಟ್ಟು ಹೋದರು, ಏಕೆ ಎಂದು ಕೇಳಿ. ನಿಮ್ಮ ಕ್ಷೇತ್ರದ ಎಂಪಿಗೆ ಪತ್ರ ಬರೆಯಿರಿ. ನಮ್ಮವರು ಊಟದ ಮೇಜಿನಲ್ಲಿ ರಾಜಕೀಯ ಎಷ್ಟು ಮಾತಾಡುತ್ತೇವೆ, ಪತ್ರ ಬರೆಯುವುದು ಮಾತ್ರ ಅಪರೂಪ.

ಸರ್ಜರಿ ನಡೆಸುವ ಡಾಕ್ಟರುಗಳೇ, ನಿಮ್ಮಲ್ಲಿ ಒಂದು ವಿನಂತಿ. ಕೊಡುವುದನ್ನು ಬರೆದು ಕೊಡಿ. ಸರ್ಕಾರ ಸಿಬ್ಬಂದಿಗೆಂದು ಏರಿಸಿದಾಗ ಅವರು ಬಂದು ಕೇಳುವವರೆಗೆ ಕಾಯಬೇಡಿ. ಕೊಡಲು ಆಗದಿದ್ದರೆ ಲೆಕ್ಕ ತೋರಿಸಿ. ನಮ್ಮಲ್ಲಿ ಆ ದಿನ ಲೆಕ್ಕ ತೋರಿಸಿದ್ದಕ್ಕೇ ನಾನಿನ್ನೂ ಅಲ್ಲಿ ಕೆಲಸ ಮಾಡುತ್ತಿದ್ದೇನೆ.

ಸರ್ಜರಿ ಸೇರಲು ಹೊರಟ ನರ್ಸ್ ತಂಗಿಯರೇ, ತಮ್ಮಂದಿರೇ, ಕೇರಳದವರಂತೆ ಕರ್ನಾಟಕದಿಂದಲೂ ನಿಮ್ಮಂಥವರು ಬಂದಿದ್ದೀರಿ. ಸಹಿ ಹಾಕುವ ಮೊದಲು ಈ ಏಳು ಪ್ರಶ್ನೆ ಕೇಳಿ:

1. ಸಂಬಳ ಎನ್‌ಎಚ್‌ಎಸ್‌ನ ಯಾವ ಬ್ಯಾಂಡಿಗೆ ಸಮ? ವರ್ಷಕ್ಕೆ ಯಾವಾಗ ಏರುತ್ತದೆ?
2. ಕಾಯಿಲೆಯಾದರೆ ಎಷ್ಟು ವಾರ ಪೂರ್ತಿ ಸಂಬಳ?
3. ರಜೆ ಎಷ್ಟು ದಿನ? ಬ್ಯಾಂಕ್ ರಜೆ ಅದರೊಳಗೋ ಹೊರಗೋ?
4. ಹೆರಿಗೆ ರಜೆಗೆ ಕಾನೂನಿನ ಕನಿಷ್ಠಕ್ಕಿಂತ ಹೆಚ್ಚು ಇದೆಯೇ?
5. ಆಸ್ಪತ್ರೆಯ ಹಳೆಯ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ?
6. ಕಲಿಕೆಗೆ ಸಂಬಳ ಸಹಿತ ಸಮಯ ಎಷ್ಟು?
7. ಒಬ್ಬ ರೋಗಿಗೆ ಎಷ್ಟು ನಿಮಿಷ? ದಾಖಲೆ ಬರೆಯಲು ಸಮಯವಿದೆಯೇ?

ಕೇಳಿದರೆ ಕೆಲಸ ಕೈತಪ್ಪೀತು ಎಂಬ ಹೆದರಿಕೆ ನನಗೂ ಇತ್ತು. ಕೇಳದೇ ಇದ್ದುದರಿಂದ ಕೈತಪ್ಪಿದ್ದು ನಾಲ್ಕು ವಾರದ ಸಂಬಳ.

ನಮ್ಮ ಊರಿನಲ್ಲಿ ಆಸ್ಪತ್ರೆಯ ಎಲ್ಲ ನರ್ಸ್‌ಗಳನ್ನೂ "ಸಿಸ್ಟರ್" ಎಂದೇ ಕರೆಯುತ್ತೇವೆ. ಇಲ್ಲಿ ಸಿಸ್ಟರ್ ಎಂದರೆ ವಾರ್ಡಿನ ಹಿರಿಯ ನರ್ಸ್, ಅದೊಂದು ದರ್ಜೆ. ನನಗೆ ಊರಿನ ಅರ್ಥವೇ ಇಷ್ಟ. ಆದರೆ ಅಕ್ಕ ತಂಗಿ ಎಂದು ಕರೆದ ಮೇಲೆ ಅವಳ ಊಟವಾಯಿತೇ, ಅವಳಿಗೆ ಹುಷಾರಿಲ್ಲದಾಗ ಮನೆ ನಡೆಯುತ್ತದೆಯೇ ಎಂದು ಕೇಳುವುದೂ ನಮ್ಮ ಕಡೆಯ ರೂಢಿ.

ಕಾಫಿ ಮೇಜಿನ ಹತ್ತಿರ ಮಾತಾಡಿದ ಆ ತಾಯಿಗೆ ಈ ಲೇಖನವನ್ನು ಮೊದಲೇ ಓದಲು ಕೊಟ್ಟಿದ್ದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಸರ್ಜರಿಯ ನರ್ಸ್ ಹೆಸರೇ ನನಗೆ ಗೊತ್ತಿಲ್ಲ ಕಣ್ರೀ. ಮಗನಿಗೆ ಮೂರು ವರ್ಷದಿಂದ ಅವರೇ ಆಸ್ತಮಾ ನೋಡ್ತಿದಾರೆ" ಎಂದರು. ಮುಂದಿನ ಸಲ ಕೇಳುತ್ತಾರಂತೆ. ನೀವೂ ಕೇಳಿ.

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಶುಭಾಶಯಗಳು.

ಮಕ್ಕಳ ಮೂಲೆ

ಈ ಲೇಖನದ ಪದಗಳು:
ದಾದಿ – ನರ್ಸ್‌ಗೆ ಕನ್ನಡದ ಹಳೆಯ ಪದ. ಬಹುವಚನ: ದಾದಿಯರು.
ಲಸಿಕೆ – ಕಾಯಿಲೆ ಬಾರದಂತೆ ಮೊದಲೇ ಕೊಡುವ ಔಷಧಿ.
ಕರಾರು – ಇಬ್ಬರು ಒಪ್ಪಿ ಬರೆದು ಸಹಿ ಹಾಕಿದ ಮಾತು.
ಪಾಲುದಾರ – ಒಂದು ಕೆಲಸದ ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವವರು.
ಮುಷ್ಕರ – ನ್ಯಾಯ ಕೇಳಲು ಎಲ್ಲರೂ ಸೇರಿ ಕೆಲಸ ನಿಲ್ಲಿಸುವುದು.

ಯೋಚಿಸಿ, ಕನ್ನಡದಲ್ಲಿ ಐದು ಸಾಲು ಬರೆದು ತನ್ನಿ:
1. ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಕೊಡಬಹುದೇ? ಏಕೆ?
2. ಗೋಡೆಯ ಮೇಲೆ ಪಟ್ಟಿ ಇಲ್ಲದ ತರಗತಿಯಲ್ಲಿ ನೀವಿದ್ದರೆ ಟೀಚರ್ ಹತ್ತಿರ ಹೇಗೆ ಕೇಳುತ್ತೀರಿ?
3. ನಿಮಗೆ ಲಸಿಕೆ ಹಾಕಿದ ನರ್ಸ್‌ಗೆ ಒಂದು ಧನ್ಯವಾದದ ಕಾರ್ಡ್ ಮಾಡಿ. ಒಳಗೆ ಒಂದು ಸಾಲು ಕನ್ನಡದಲ್ಲಿ ಬರೆದು, ಅದರ ಅರ್ಥವನ್ನು ಅವರಿಗೆ ಹೇಳಿ ಬನ್ನಿ.